ಲಾಂಛನ ಬಿಡಿ, ತಾರೀಖು ನೋಡಿ: 1969ರ ಕ್ಯಾಮರೋ ಝಡ್/28 ಅಸಲಿಯೇ ಎಂದು ಕಂಡುಹಿಡಿಯುವ ಬಗೆ

ಓಹಾಯೋದ ಜೋಳದ ಹೊಲಗಳ ನಡುವೆ ಒಂದು ಶೆಡ್ಡು. ಒಳಗೆ ಕಿತ್ತಳೆ ಬಣ್ಣದ 1969ರ ಶೆವ್ರೊಲೆ ಕ್ಯಾಮರೋ. ಬಾನೆಟ್ಟಿನ ಮೇಲೆ ಎರಡು ಅಗಲವಾದ ಬಿಳಿ ಪಟ್ಟೆ, ಮುಂದಿನ ಗ್ರಿಲ್ಲಿನಲ್ಲಿ ಝಡ್/28 ಲಾಂಛನ. ನನ್ನ ಜೊತೆ ಬಂದಿದ್ದ ಗೆಳೆಯ ದಾವಣಗೆರೆಯವನು, ಮಿಷಿಗನ್ ಸೇರಿ ಇಪ್ಪತ್ತು ವರ್ಷವಾಯಿತು. ಈ ಕಾರಿಗಾಗಿ ಆತ ಎಂಟು ವರ್ಷದಿಂದ ದುಡ್ಡು ಕೂಡಿಟ್ಟಿದ್ದ. ಕಾರನ್ನು ಕಂಡದ್ದೇ ತಡ, ಅವನ ಕೈ ಚೆಕ್ ಪುಸ್ತಕದ ಕಡೆ ಹೋಯಿತು. ಒಂದು ಗಂಟೆ ತಡೆದುಕೋ ಎಂದೆ.

ಆ ಒಂದು ಗಂಟೆಯಲ್ಲಿ ಕಂಡದ್ದಿಷ್ಟು. ಬಾಡಿಯ ಮೇಲಿನ ಫಲಕ ಈ ಕಾರು 1969ರ ಮಾರ್ಚ್ ತಿಂಗಳ ಎರಡನೇ ವಾರದ್ದು ಎನ್ನುತ್ತಿತ್ತು. ಇಂಜಿನ್ ಬ್ಲಾಕಿನ ಹಿಂಬದಿಯಲ್ಲಿ ಎರಕದಲ್ಲೇ ಮೂಡಿದ್ದ ತಾರೀಖು ಮೇ 22. ಇನ್ನೂ ಹುಟ್ಟದ ಇಂಜಿನ್ನನ್ನು ಎರಡು ತಿಂಗಳು ಮೊದಲೇ ಕಾರಿಗೆ ಕೂರಿಸಲು ಯಾವ ಕಾರ್ಖಾನೆಗೂ ಆಗದು. ಮಾಲೀಕರು ಒಳ್ಳೆಯ ಮನುಷ್ಯರೇ. ಅವರೂ ಯಾರೋ ಹೇಳಿದ್ದನ್ನು ನಂಬಿ ಕೊಂಡಿದ್ದರು, ಅಷ್ಟೆ. ನಾವು ಕೈ ಮುಗಿದು ಬರಿಗೈಯಲ್ಲಿ ವಾಪಸಾದೆವು.

ನಾನು ಅಮೆರಿಕಕ್ಕೆ ಬರುವ ಮುಂಚೆ ಬೆಳಗಾವಿಯ ಉದ್ಯಮಬಾಗಿನ ಒಂದು ಫೌಂಡ್ರಿಯಲ್ಲಿ ಆರು ವರ್ಷ ಕೆಲಸ ಮಾಡಿದವನು. ಎರಕದ ಅಚ್ಚಿನಲ್ಲಿ ತಾರೀಖಿನ ಪುಟ್ಟ ಬಿಲ್ಲೆಯನ್ನು ಬದಲಿಸುವುದು ಅಲ್ಲಿ ಬೆಳಗಿನ ಮೊದಲ ಕೆಲಸ. ಹಾಗಾಗಿ ಹಳೆಯ ಕಾರಿನ ಮುಂದೆ ನಿಂತಾಗ ನನ್ನ ಕಣ್ಣು ಬಣ್ಣದ ಮೇಲೆ ನಿಲ್ಲುವುದಿಲ್ಲ, ಕಬ್ಬಿಣದ ಮೇಲಿನ ಅಕ್ಷರಗಳನ್ನು ಹುಡುಕುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಇಂಥ ಕಾರುಗಳ ಆಸೆ ಇರುವವರು ಅನೇಕರಿದ್ದಾರೆ. ಕೊಳ್ಳುವ ಮುಂಚೆ ಏನೇನು, ಯಾವ ಕ್ರಮದಲ್ಲಿ ನೋಡಬೇಕು ಎಂಬುದನ್ನು ಅವರಿಗಾಗಿ ಇಲ್ಲಿ ಬರೆದಿದ್ದೇನೆ. ಎಲ್ಲ ಕಾರುಗಳ ಬಗ್ಗೆ ಮೇಲೆ ಮೇಲೆ ಹೇಳುವುದಕ್ಕಿಂತ ಒಂದೇ ಕಾರನ್ನು ಹಿಡಿದು ಹೇಳುತ್ತೇನೆ. ಒಂದನ್ನು ಸರಿಯಾಗಿ ಓದಲು ಬಂದರೆ ಉಳಿದವನ್ನು ಓದುವುದು ಕಷ್ಟವಾಗದು.

ಈ ಕಾರಿಗೇ ಇಷ್ಟು ನಕಲು ಏಕೆ?

ಝಡ್/28 ಎಂಬುದು ಬೇರೆ ಕಾರೇ ಅಲ್ಲ. ಮಾಮೂಲಿ ಕ್ಯಾಮರೋಗೆ ಕೇಳಿ ಹಾಕಿಸಿಕೊಳ್ಳುತ್ತಿದ್ದ ಒಂದು ಆಯ್ಕೆಯ ಗುರುತು ಅದು. ಟ್ರಾನ್ಸ್-ಆ್ಯಮ್ ರೇಸುಗಳಲ್ಲಿ ಐದು ಲೀಟರಿಗಿಂತ ದೊಡ್ಡ ಇಂಜಿನ್ ಇರಬಾರದೆಂಬ ನಿಯಮವಿತ್ತು. ಅದಕ್ಕೆ ಹೊಂದುವಂತೆ ಶೆವ್ರೊಲೆ 302 ಘನ ಇಂಚಿನ ಇಂಜಿನ್ ಮಾಡಿತು. ನಾಲ್ಕು ಇಂಚಿನ ಬೋರು (ಸಿಲಿಂಡರಿನ ಅಗಲ), ಮೂರು ಇಂಚಿನ ಸ್ಟ್ರೋಕು (ಪಿಸ್ಟನ್ ಓಡಾಡುವ ದೂರ). ಕಂಪನಿ ಕಾಗದದ ಮೇಲೆ ಹೇಳಿಕೊಂಡದ್ದು 290 ಅಶ್ವಶಕ್ತಿ. 1967ರಲ್ಲಿ ಇಂಥ ಕಾರುಗಳು ತಯಾರಾದದ್ದು 602, ಮರುವರ್ಷ 7,199, 1969ರಲ್ಲಿ 20,302. ಆ ವರ್ಷದ ಒಟ್ಟು ಕ್ಯಾಮರೋಗಳು 2,43,085. ಅಂದರೆ ಹನ್ನೆರಡು ಕಾರಿಗೆ ಒಂದು ಝಡ್/28. ಉಳಿದ ಹನ್ನೊಂದಕ್ಕೂ ಅದೇ ಬಾಗಿಲು, ಅದೇ ಬಾನೆಟ್ಟು, ಅದೇ ಗಾಜು.

ತೊಂದರೆ ಶುರುವಾಗುವುದು ಇಲ್ಲೇ. 1969ರ ಕ್ಯಾಮರೋದ ವಿನ್ ಸಂಖ್ಯೆಯಲ್ಲಿ, ಅಂದರೆ ಪ್ರತಿ ಕಾರಿಗೂ ಕಂಪನಿ ಕೊಡುವ ಗುರುತಿನ ಸಂಖ್ಯೆಯಲ್ಲಿ, ಅದು ಝಡ್/28 ಎಂದು ಹೇಳುವ ಅಕ್ಷರವೇ ಇಲ್ಲ. ವಿ8, ಅಂದರೆ ಎಂಟು ಸಿಲಿಂಡರಿನ ಇಂಜಿನ್ ಇದೆ ಎಂಬಷ್ಟನ್ನು ಅದು ಹೇಳುತ್ತದೆ, ಯಾವ ವಿ8 ಎಂದು ಹೇಳುವುದಿಲ್ಲ. ಲಾಂಛನ, ಪಟ್ಟೆ, ಸ್ಪಾಯ್ಲರ್, ಚಕ್ರ ಎಲ್ಲವೂ ಇಂದು ಹೊಸದಾಗಿಯೇ ಅಂಗಡಿಯಲ್ಲಿ ಸಿಗುತ್ತವೆ. 327 ಅಥವಾ 350 ಇಂಜಿನ್ನಿನ ಮಾಮೂಲಿ ಕ್ಯಾಮರೋವನ್ನು ಝಡ್/28ರಂತೆ ಸಿಂಗರಿಸುವುದರಲ್ಲಿ ತಪ್ಪೇನೂ ಇಲ್ಲ. ಅದಕ್ಕೆ ಕ್ಲೋನ್ ಅಂತಲೋ ಟ್ರಿಬ್ಯೂಟ್ ಅಂತಲೋ ಹೆಸರಿದೆ, ಹಾಗೆಂದೇ ಹೇಳಿ ಮಾರುವವರೂ ಇದ್ದಾರೆ. ಅದನ್ನೇ ಅಸಲಿ ಎಂದು ಹೇಳಿ ಅಸಲಿಯ ಬೆಲೆ ಕೇಳಿದರೆ ಅದು ಮೋಸ.

ಹೊರಡುವ ಮುಂಚೆ

ನೂರಾರು ಮೈಲಿ ಹೋಗುವ ಮೊದಲು ಮಾಲೀಕರಿಂದ ಐದು ಫೋಟೋ ತರಿಸಿಕೊಳ್ಳಿ: ಡ್ಯಾಶ್‌ಬೋರ್ಡಿನ ವಿನ್ ಫಲಕ, ಫೈರ್‌ವಾಲಿನ (ಇಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ) ಮೇಲಿನ ಬಾಡಿ ಫಲಕ, ಇಂಜಿನ್ನಿನ ಮುಂದಿನ ಸಮತಟ್ಟು ಜಾಗ, ಬ್ಲಾಕಿನ ಹಿಂಬದಿಯ ಎರಕದ ತಾರೀಖು, ಇರುವ ಕಾಗದಪತ್ರ. ಇವನ್ನು ಕಳಿಸಲು ಸಬೂಬು ಹೇಳುವವರ ಕಾರನ್ನು ನೋಡಲು ನಾನು ಹೋಗುವುದಿಲ್ಲ. ಎರಕದ ತಾರೀಖಿನ ಫೋಟೋ ತೆಗೆಯುವುದು ಮಾತ್ರ ನಿಜಕ್ಕೂ ಕಷ್ಟ, ಅದೊಂದಕ್ಕೆ ವಿನಾಯಿತಿ ಕೊಡಬಹುದು.

ಜೊತೆಗೆ ಒಯ್ಯಬೇಕಾದದ್ದು: ಒಳ್ಳೆಯ ಟಾರ್ಚು, ಹಿಡಿ ಇರುವ ಪುಟ್ಟ ಕನ್ನಡಿ, ಫೋನಿಗೆ ಸಿಕ್ಕಿಸುವ ಉದ್ದ ಕೇಬಲ್ಲಿನ ಕ್ಯಾಮೆರಾ, ಹಲ್ಲುಜ್ಜುವ ಹಳೆಯ ಬ್ರಷ್ಷು, ಗ್ರೀಸು ಒರೆಸಲು ಬ್ರೇಕ್ ಕ್ಲೀನರ್, ಹತ್ತಿಬಟ್ಟೆ, ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ. ಸ್ಯಾಂಡ್ ಪೇಪರ್ ಮತ್ತು ತಂತಿ ಬ್ರಷ್ಷು ಮನೆಯಲ್ಲೇ ಇರಲಿ. ಅವನ್ನು ಒಮ್ಮೆ ಎಳೆದರೆ ಐವತ್ತು ವರ್ಷದ ಸಾಕ್ಷಿ ಅಳಿಸಿಹೋಗುತ್ತದೆ.

ಇನ್ನೊಂದು ಮಾತು. ನಕಲಿಯನ್ನು ಗುರುತಿಸಬೇಕಾದರೆ ಮೊದಲು ಅಸಲಿಯನ್ನು ಕಣ್ತುಂಬ ನೋಡಿರಬೇಕು. ಪ್ರತಿ ಆಗಸ್ಟ್‌ನಲ್ಲಿ ಡೆಟ್ರಾಯಿಟ್ ಹೊರವಲಯದ ವುಡ್‌ವರ್ಡ್ ಅವೆನ್ಯೂದಲ್ಲಿ ವುಡ್‌ವರ್ಡ್ ಡ್ರೀಮ್ ಕ್ರೂಸ್ ನಡೆಯುತ್ತದೆ. ಅಲ್ಲಿಗೆ ಬರುವ ಹಳೆಯ ಮಾಲೀಕರಲ್ಲಿ ಅನೇಕರು ಬಾನೆಟ್ ಎತ್ತಿ ಸಂತೋಷದಿಂದ ತೋರಿಸುತ್ತಾರೆ. ಪ್ರೀತಿಯಿಂದ ಕೇಳಿದರೆ ಇಂಜಿನ್ನಿನ ನಂಬರಿನ ಮೇಲೂ ಟಾರ್ಚು ಹಿಡಿಯುತ್ತಾರೆ.

ಮೊದಲ ಹಂತ: ವಿನ್ ಫಲಕ

ಚಾಲಕನ ಕಡೆಯ ಗಾಜಿನ ಮೂಲಕ ನೋಡಿದರೆ ಡ್ಯಾಶ್‌ಬೋರ್ಡಿನ ಮೇಲೆ ಕಾಣುತ್ತದೆ. ಝಡ್/28 ಆಗಿದ್ದರೆ ಅದು 12437ರಿಂದಲೇ ಶುರುವಾಗಬೇಕು. 1 ಅಂದರೆ ಶೆವ್ರೊಲೆ, 24 ಅಂದರೆ ವಿ8 ಕ್ಯಾಮರೋ, 37 ಅಂದರೆ ಎರಡು ಬಾಗಿಲಿನ ಕೂಪೆ. 67 ಎಂದಿದ್ದರೆ ಅದು ಕನ್ವರ್ಟಿಬಲ್, ಮುಂದೆ ನೋಡುವ ಅಗತ್ಯವೇ ಇಲ್ಲ. 1969ರ ಝಡ್/28ನ್ನು ಕನ್ವರ್ಟಿಬಲ್ ಆಗಿ ಮಾರಲಿಲ್ಲ. 23 ಎಂದಿದ್ದರೆ ಹುಟ್ಟುವಾಗ ಆರು ಸಿಲಿಂಡರಿನ ಕಾರು. ಮುಂದಿನ 9 ವರ್ಷ ಸೂಚಿಸುತ್ತದೆ. ನಂತರದ ಅಕ್ಷರ ಎನ್ ಆದರೆ ಓಹಾಯೋದ ನಾರ್‌ವುಡ್ ಕಾರ್ಖಾನೆ, ಎಲ್ ಆದರೆ ಲಾಸ್ ಏಂಜಲೀಸಿನ ವ್ಯಾನ್ ನೈಸ್. ಕೊನೆಯ ಆರು ಅಂಕಿಗಳು ಸರಣಿ ಸಂಖ್ಯೆ. ಅದು 500001ರಿಂದ ಆರಂಭ.

ಸಂಖ್ಯೆಯಷ್ಟೇ ಮುಖ್ಯ ಅದನ್ನು ಹಿಡಿದಿಟ್ಟಿರುವ ರಿವೆಟ್ಟು. ಜನರಲ್ ಮೋಟರ್ಸ್ ಬಳಸಿದ್ದು ಆರು ಎಸಳಿನ ಹೂವಿನಂಥ ತಲೆಯ ರಿವೆಟ್ಟು. ದುಂಡು ತಲೆಯ ಮಾಮೂಲಿ ಪಾಪ್ ರಿವೆಟ್ ಕಂಡರೆ, ಫಲಕದ ಸುತ್ತ ಗೀರು ಅಥವಾ ಅಂಟು ಕಂಡರೆ, ಫಲಕ ಬಾಗಿ ಮತ್ತೆ ನೆಟ್ಟಗಾದಂತೆ ಕಂಡರೆ ಅಲ್ಲಿಗೇ ನಿಲ್ಲಿಸಿ. ವಿನ್ ಫಲಕ ತಿದ್ದುವುದು, ದುರುದ್ದೇಶದಿಂದ ಕೀಳುವುದು ಅಮೆರಿಕದ ಕೇಂದ್ರ ಕಾನೂನಿನಲ್ಲಿ ಅಪರಾಧ. ಅಂಥ ಕಾರನ್ನು ಪೊಲೀಸರು ಎತ್ತಿಕೊಂಡು ಹೋದರೆ ಗೊತ್ತಿಲ್ಲದೆ ಕೊಂಡವರಿಗೂ ಕಾರು ಕೈತಪ್ಪಬಹುದು.

ಕಾರ್ಖಾನೆಯವರು ಇದೇ ಸಂಖ್ಯೆಯ ಭಾಗವನ್ನು ಬಾಡಿಯ ತಗಡಿನ ಮೇಲೆ ಎರಡು ಕಡೆ ಗುಟ್ಟಾಗಿ ಒತ್ತಿದ್ದಾರೆ. ಒಂದು ವಿಂಡ್‌ಶೀಲ್ಡಿನ ಬುಡದಲ್ಲಿರುವ ಜಾಲರಿ ತಗಡಿನ ಅಡಿ, ಇನ್ನೊಂದು ಫೈರ್‌ವಾಲಿನ ಮೇಲೆ, ಹೀಟರಿನ ಪೆಟ್ಟಿಗೆಯ ಮರೆಯಲ್ಲಿ. ಜಾಲರಿ ಬಿಚ್ಚಲು ವೈಪರ್ ತೆಗೆಯಬೇಕು, ಒಂದಿಷ್ಟು ಸ್ಕ್ರೂ ಬಿಚ್ಚಬೇಕು, ಮಾಲೀಕರ ಒಪ್ಪಿಗೆ ಬೇಕು. ದೊಡ್ಡ ಬೆಲೆಯ ಕಾರಿಗೆ ಇದನ್ನು ಕೇಳುವುದರಲ್ಲಿ ಸಂಕೋಚ ಬೇಡ. ಡ್ಯಾಶಿನ ಸಂಖ್ಯೆ ಒಂದು, ಬಾಡಿಯ ಗುಟ್ಟಿನ ಸಂಖ್ಯೆ ಇನ್ನೊಂದು ಆಗಿದ್ದರೆ ತುಕ್ಕು ಹಿಡಿದು ಸತ್ತ ಕಾರಿನ ಗುರುತನ್ನು ಬೇರೆ ಬಾಡಿಗೆ ಹಚ್ಚಿದ್ದಾರೆ ಎಂದೇ ಅರ್ಥ.

ಎರಡನೇ ಹಂತ: ಫೈರ್‌ವಾಲಿನ ಫಲಕ

ಬಾನೆಟ್ ಎತ್ತಿದರೆ ಚಾಲಕನ ಕಡೆ ಫೈರ್‌ವಾಲಿಗೆ ಬಡಿದ ಪುಟ್ಟ ತಗಡು ಕಾಣುತ್ತದೆ. ಬಾಡಿ ಮಾಡಿದ ಫಿಶರ್ ಬಾಡಿ ವಿಭಾಗದ ಫಲಕ ಅದು. ಒಳಗಿನ ಸೀಟಿನ ಬಣ್ಣ, ಹೊರಗಿನ ಬಣ್ಣ, ತಯಾರಾದ ವಾರ ಎಲ್ಲವೂ ಅದರಲ್ಲಿದೆ. ಉದಾಹರಣೆಗೆ 711 ಅಂದರೆ ಕಪ್ಪು ವಿನೈಲ್ ಸೀಟು, 72 ಅಂದರೆ ಹಗ್ಗರ್ ಆರೆಂಜ್ ಎಂಬ ಆ ಪ್ರಸಿದ್ಧ ಕಿತ್ತಳೆ ಬಣ್ಣ. 03ಬಿ ಎಂದಿದ್ದರೆ ಮಾರ್ಚ್ ತಿಂಗಳ ಎರಡನೇ ವಾರ.

ನಾರ್‌ವುಡ್ ಕಾರ್ಖಾನೆ 1968ರ ಡಿಸೆಂಬರಿನ ಸುಮಾರಿಗೆ ಈ ಫಲಕದ ಮೇಲೆ ಎಕ್ಸ್‌ನಿಂದ ಶುರುವಾಗುವ ಸಂಕೇತ ಹಾಕತೊಡಗಿತು. ಎಕ್ಸ್33 ಅಥವಾ ಎಕ್ಸ್77 ಇದ್ದರೆ ಆ ಕಾರು ಝಡ್/28 ಆಗಿ ಹುಟ್ಟಿತು. 33ರಲ್ಲಿ ಹೊರಗಿನ ಅಲಂಕಾರದ ಪಟ್ಟಿಗಳು ಸೇರಿರುತ್ತವೆ, 77ರಲ್ಲಿ ಇರುವುದಿಲ್ಲ. ಎಕ್ಸ್11, ಎಕ್ಸ್44 ಮಾಮೂಲಿ ಕಾರುಗಳಲ್ಲಿ ಕಾಣುವ ಸಂಕೇತಗಳು. ಎಕ್ಸ್11 ಫಲಕ ಹೊತ್ತು ಝಡ್/28 ಲಾಂಛನ ಧರಿಸಿದ ಕಾರನ್ನು ಕಂಡರೆ ಉತ್ತರ ಅಲ್ಲೇ ಇದೆ.

ಆದರೆ ಎಕ್ಸ್ ಸಂಕೇತ ಇಲ್ಲ ಎಂದ ಮಾತ್ರಕ್ಕೆ ಕಾರನ್ನು ತಳ್ಳಿಹಾಕಬೇಡಿ. ಡಿಸೆಂಬರಿಗಿಂತ ಮುಂಚಿನ ಕಾರುಗಳಲ್ಲಿ ಅದಿಲ್ಲ. ವ್ಯಾನ್ ನೈಸ್ ಕಾರ್ಖಾನೆಯ ಕಾರುಗಳಲ್ಲಂತೂ ಯಾವಾಗಲೂ ಇಲ್ಲ. ಇಂಥ ಕಾರುಗಳನ್ನು ಇಂಜಿನ್ನು ಮತ್ತು ಕಾಗದಗಳಿಂದಲೇ ಸಾಬೀತು ಮಾಡಬೇಕು.

ಇಲ್ಲಿ ಅನುಭವಿಗಳೂ ಎಡವುವ ಒಂದು ಜಾಗವಿದೆ. 1970ರ ಹೊಸ ಕ್ಯಾಮರೋ ತಡವಾದ್ದರಿಂದ 1969ರ ಮಾದರಿಯನ್ನು ಆ ವರ್ಷದ ನವೆಂಬರಿನವರೆಗೂ ಕಟ್ಟಿದರು. ಹಾಗಾಗಿ 09, 10, 11 ತಿಂಗಳುಗಳು ಈ ಮಾದರಿಯಲ್ಲಿ ಎರಡೆರಡು ಸಲ ಬರುತ್ತವೆ. ಫಲಕದಲ್ಲಿ 10 ಎಂದಿದ್ದರೆ 1968ರ ಅಕ್ಟೋಬರೋ 1969ರದ್ದೋ ಎಂಬುದನ್ನು ಸರಣಿ ಸಂಖ್ಯೆ ಹೇಳಬೇಕು. ನಾರ್‌ವುಡ್ಡಿನಲ್ಲಿ ಐದು ಲಕ್ಷದ ಆಸುಪಾಸಿನ ಸಂಖ್ಯೆಯಾದರೆ ಮೊದಲಿನದು, ಏಳು ಲಕ್ಷದ ಹತ್ತಿರವಾದರೆ ಕೊನೆಯದು.

ಈ ಫಲಕಗಳ ನಕಲೂ ಮಾರುಕಟ್ಟೆಯಲ್ಲಿದೆ ಎಂಬುದು ನೆನಪಿರಲಿ. ಫಲಕ ಸರಿಯಿದೆ ಅಂತ ಕಾರು ಸರಿಯಿದೆ ಎಂದಲ್ಲ. ಫಲಕ ಹೇಳಿದ ಬಣ್ಣ ಕಾರಿನ ಮೂಲೆಗಳಲ್ಲಿ, ಅಂದರೆ ಡ್ಯಾಶಿನ ಅಡಿ, ಹಿಂದಿನ ಸೀಟಿನ ಹಿಂಭಾಗ, ಡಿಕ್ಕಿಯ ಕೀಲಿನ ಸಂದು, ಇಲ್ಲೆಲ್ಲ ಉಳಿದಿದೆಯೇ ನೋಡಿ. ಹೊರಗೆ ಕಿತ್ತಳೆ, ಫಲಕದಲ್ಲಿ 72, ಡ್ಯಾಶಿನ ಅಡಿಯಲ್ಲಿ ಹಸಿರು ಎಂದಾದರೆ ಫಲಕ ಬೇರೆ ಕಾರಿನದು, ಇಲ್ಲವೇ ಹೊಸದಾಗಿ ಒತ್ತಿಸಿದ್ದು.

ಮೂರನೇ ಹಂತ: ಇಂಜಿನ್ನು

ಇಲ್ಲಿ ಅವಸರ ಮಾಡಬೇಡಿ. ಅರ್ಧ ಗಂಟೆ ಇದಕ್ಕೇ ಇಡಿ.

ಕಾರಿನ ಮುಂದೆ ನಿಂತು ಪ್ರಯಾಣಿಕನ ಕಡೆಯ ಸಿಲಿಂಡರ್ ಹೆಡ್ಡಿನ ಮುಂತುದಿಯನ್ನು ನೋಡಿ. ಆಲ್ಟರ್ನೇಟರಿನ ಹಿಂದೆ, ಹೆಡ್ಡು ಮುಗಿದು ಬ್ಲಾಕು ಚೂರು ಹೊರಚಾಚಿದಲ್ಲಿ ಎರಡು ಬೆರಳಿನಷ್ಟು ಸಮತಟ್ಟು ಜಾಗವಿದೆ. ಅದನ್ನು ಪ್ಯಾಡ್ ಎನ್ನುತ್ತಾರೆ. ಜಿಡ್ಡನ್ನು ಬಟ್ಟೆಯಿಂದ ಮೆಲ್ಲಗೆ ಒರೆಸಿ. ವಿ 0115 ಡಿಝಡ್ ಎಂಬ ಬಗೆಯ ಬರಹ ಸಿಗಬೇಕು. ವಿ ಅಂದರೆ ಫ್ಲಿಂಟ್ ಊರಿನ ಇಂಜಿನ್ ಕಾರ್ಖಾನೆ, 0115 ಅಂದರೆ ಜನವರಿ 15ರಂದು ಇಂಜಿನ್ ಜೋಡಿಸಿದರು, ಡಿಝಡ್ ಅಂದರೆ 1969ರ ಝಡ್/28ರ 302 ಇಂಜಿನ್. ಇದರ ಜೊತೆ 19ಎನ್ (ವ್ಯಾನ್ ನೈಸ್ ಕಾರಾದರೆ 19ಎಲ್) ಎಂದು ಶುರುವಾಗಿ ಕಾರಿನ ವಿನ್ನಿನ ಕೊನೆಯ ಆರು ಅಂಕಿಗಳು ಇರಬೇಕು. ಕೆಲವು ಕಾರುಗಳಲ್ಲಿ ಈ ಎರಡನೆಯದು ಪ್ಯಾಡಿನ ಮೇಲಿರದೆ ಆಯಿಲ್ ಫಿಲ್ಟರಿನ ಪಕ್ಕದಲ್ಲಿ ಇರುತ್ತದೆ. ಪ್ಯಾಡಿನಲ್ಲಿ ಕಾಣಲಿಲ್ಲವೆಂದು ಗಾಬರಿಯಾಗದೆ ಕೆಳಗೆ ಬಗ್ಗಿ ನೋಡಿ.

ಸಂಖ್ಯೆ ಹೊಂದಿತು ಎಂದು ಸಮಾಧಾನಪಡುವ ಹಾಗಿಲ್ಲ. ಬೇರೆ ಬ್ಲಾಕಿನ ಪ್ಯಾಡನ್ನು ಉಜ್ಜಿ ಬೇಕಾದ ಸಂಖ್ಯೆ ಒತ್ತುವವರಿದ್ದಾರೆ. ಅದನ್ನು ರೀಸ್ಟ್ಯಾಂಪ್ ಎನ್ನುತ್ತಾರೆ. ಅದನ್ನು ಹಿಡಿಯುವುದು ಹೀಗೆ.

ಟಾರ್ಚನ್ನು ಪ್ಯಾಡಿಗೆ ನೇರವಾಗಿ ಹಿಡಿಯಬೇಡಿ, ಪಕ್ಕದಿಂದ, ಲೋಹದ ಮೈಗೆ ಹತ್ತಿಸಿದಂತೆ ಹಿಡಿಯಿರಿ. ಕಾರ್ಖಾನೆಯಲ್ಲಿ ಬ್ಲಾಕಿನ ತಲೆಭಾಗವನ್ನು ಬ್ರೋಚ್ ಎಂಬ ದೊಡ್ಡ ಹಲ್ಲುಗತ್ತಿಯಿಂದ ಒಂದೇ ಎಳೆತಕ್ಕೆ ಹೆರೆಯುತ್ತಿದ್ದರು. ಆ ಎಳೆತದ ಸಣ್ಣ ಸಣ್ಣ ಗೆರೆಗಳು ಇಂಜಿನ್ನಿನ ಮುಂದಿನಿಂದ ಹಿಂದಕ್ಕೆ ಒಂದಕ್ಕೊಂದು ಸಮನಾಗಿ, ಬಾಚಿದ ಕೂದಲಿನ ಹಾಗೆ ಕಾಣಬೇಕು. ಅಕ್ಷರಗಳನ್ನು ಈ ಗೆರೆಗಳ ಮೇಲೆ ಒತ್ತಿರುವುದರಿಂದ ಗೆರೆಗಳು ಅಕ್ಷರದ ಅಂಚಿನವರೆಗೆ ಬಂದು ತುಂಡಾಗಿ ಆಚೆ ಮುಂದುವರಿಯಬೇಕು. ಪ್ಯಾಡು ಕನ್ನಡಿಯ ಹಾಗೆ ನುಣುಪಾಗಿದ್ದರೆ ಅಥವಾ ದುಂಡು ದುಂಡು ಗೆರೆಗಳಿದ್ದರೆ ಯಾರೋ ಅದನ್ನು ಮತ್ತೆ ಹೆರೆದಿದ್ದಾರೆ. ರೇಸಿನಲ್ಲಿ ಓಡಿದ ಇಂಜಿನ್ನಿನ ಬ್ಲಾಕನ್ನು ರಿಪೇರಿಗಾಗಿ ಪ್ರಾಮಾಣಿಕವಾಗಿಯೇ ಹೆರೆದಿರಬಹುದು. ಆಗ ಮೂಲ ಅಕ್ಷರಗಳು ಮಸುಕಾಗಿರುತ್ತವೆ ಅಥವಾ ಪೂರ್ತಿ ಹೋಗಿರುತ್ತವೆ. ಹೆರೆದ ಮೈಯ ಮೇಲೆ ಅಕ್ಷರಗಳು ಮಾತ್ರ ಚೂಪಾಗಿ, ತುಂಬು ಆಳದಲ್ಲಿ ನಿಂತಿದ್ದರೆ ಅವು ಆಮೇಲೆ ಬಂದವು.

ಇನ್ನೊಂದು ಸೂಕ್ಷ್ಮ. ಡಿಝಡ್ ಸಂಕೇತ ಒತ್ತಿದ್ದು ಫ್ಲಿಂಟಿನಲ್ಲಿ, ವಿನ್ ಅಂಕಿಗಳನ್ನು ಒತ್ತಿದ್ದು ನೂರಾರು ಮೈಲಿ ದೂರದ ನಾರ್‌ವುಡ್ಡಿನಲ್ಲಿ. ಊರು ಬೇರೆ, ಕೈ ಬೇರೆ, ಅಚ್ಚು ಬೇರೆ. ಆದ್ದರಿಂದ ಎರಡು ಸಾಲುಗಳ ಅಕ್ಷರದ ಗಾತ್ರ, ಆಳ, ವಾಲು ಒಂದೇ ಥರ ಇರಬಾರದು. ಓಹಾಯೋದ ಆ ಕಿತ್ತಳೆ ಕಾರಿನಲ್ಲಿ ನನಗೆ ಮೊದಲ ಅನುಮಾನ ಬಂದದ್ದು ಇದರಿಂದಲೇ. ಎರಡೂ ಸಾಲಿನ 1 ಮತ್ತು 5 ಅವಳಿಗಳ ಹಾಗಿದ್ದವು.

ಈಗ ಬ್ಲಾಕಿನ ಹಿಂಬದಿಗೆ ಬನ್ನಿ. ಗೇರ್ ಬಾಕ್ಸ್ ಕೂರುವ ಅಂಚಿನ ಮೇಲೆ ಚಾಲಕನ ಕಡೆ ಎರಕದ ಸಂಖ್ಯೆ ಇರುತ್ತದೆ. 3956618, 3970010 ಎಂಬ ಸಂಖ್ಯೆಗಳು ಈ ವರ್ಷದ ಝಡ್/28ರಲ್ಲಿ ಕಂಡುಬರುತ್ತವೆ. ಇದನ್ನು ಕಂಡು ಮಾಲೀಕರು ಎದೆಯುಬ್ಬಿಸಿದರೆ ನೀವು ಸುಮ್ಮನಿರಿ. 3970010 ಬ್ಲಾಕನ್ನು 350 ಇಂಜಿನ್ನುಗಳಿಗೆ ಮುಂದೆ ಅನೇಕ ವರ್ಷ, ಟ್ರಕ್ಕುಗಳಲ್ಲಿ ಕೂಡ, ಬಳಸಿದರು. ಗುಜರಿಯಲ್ಲೂ ಸಿಗುವ ಬ್ಲಾಕು ಅದು.

ಅದೇ ಅಂಚಿನ ಪ್ರಯಾಣಿಕನ ಕಡೆ ಎರಕದ ತಾರೀಖಿದೆ. ಒಂದು ಅಕ್ಷರ, ಆಮೇಲೆ ದಿನ, ಆಮೇಲೆ ವರ್ಷದ ಕೊನೆಯ ಅಂಕಿ. ಎ ಅಂದರೆ ಜನವರಿ, ಬಿ ಫೆಬ್ರವರಿ, ಹೀಗೆ ಎಲ್ ಅಂದರೆ ಡಿಸೆಂಬರ್. ಎ 10 9 ಅಂದರೆ 1969ರ ಜನವರಿ 10. ಈ ಅಕ್ಷರಗಳು ಕೆತ್ತಿದವಲ್ಲ, ಎರಕದ ಜೊತೆಗೇ ಉಬ್ಬಿ ಬಂದವು. ಉಜ್ಜಿ ತೆಗೆಯಬಹುದು, ಹೊಸದಾಗಿ ಉಬ್ಬಿಸುವುದು ಬಲು ಕಷ್ಟ. ಉಜ್ಜಿದರೆ ಸುತ್ತಲ ಮರಳಿನಂಥ ಒರಟು ಮೈ ಅಲ್ಲಿ ಮಾತ್ರ ನುಣುಪಾಗಿ ಸಿಕ್ಕಿಬೀಳುತ್ತದೆ. ಫೌಂಡ್ರಿಯಲ್ಲಿ ಕೆಲಸ ಮಾಡಿದ ಯಾರನ್ನು ಬೇಕಾದರೂ ಕೇಳಿ, ಮರಳಚ್ಚಿನ ಮೈಯನ್ನು ಗ್ರೈಂಡರಿನಿಂದ ಹುಟ್ಟಿಸಲಾಗದು.

ಈಗ ಮೂರು ತಾರೀಖುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಬ್ಲಾಕು ಎರಕವಾದ ದಿನ, ಇಂಜಿನ್ ಜೋಡಿಸಿದ ದಿನ, ಬಾಡಿ ತಯಾರಾದ ವಾರ. ಇದೇ ಕ್ರಮದಲ್ಲಿ ಅವು ಬರಬೇಕು. ನಡುವೆ ಕೆಲವು ದಿನದಿಂದ ಕೆಲವು ವಾರದ ಅಂತರ ಸಹಜ, ಒಂದೆರಡು ತಿಂಗಳಾದರೂ ಅಸಾಧ್ಯವಲ್ಲ. ಕ್ರಮ ತಿರುವುಮುರುವಾದರೆ ಮಾತ್ರ ಕ್ಷಮೆಯಿಲ್ಲ. ಓಹಾಯೋದ ಕಾರಿನ ಪ್ಯಾಡು ಫೆಬ್ರವರಿ ಎನ್ನುತ್ತಿತ್ತು, ಫಲಕ ಮಾರ್ಚ್ ಎನ್ನುತ್ತಿತ್ತು, ಎರಡೂ ಚೆನ್ನಾಗಿ ಹೊಂದುತ್ತಿದ್ದವು. ಕನ್ನಡಿಯನ್ನು ಬ್ಲಾಕಿನ ಹಿಂದೆ ತೂರಿಸಿ ನೋಡಿದಾಗ ಇ 22 9 ಎಂಬ ಉಬ್ಬಕ್ಷರ. ಒತ್ತಿದವರು ಮುಂದೆ ನೋಡಿಕೊಂಡಿದ್ದರು, ಹಿಂದೆ ನೋಡಿರಲಿಲ್ಲ.

ಇಂಜಿನ್ನಿನ ಉಳಿದ ಗುರುತುಗಳು ಬೇಗ ಮುಗಿಯುತ್ತವೆ. ಹೆಡ್ಡಿನ ತುದಿಯಲ್ಲಿ ಒಂಟೆಯ ಎರಡು ಡುಬ್ಬದಂಥ ಗುರುತು, ವಾಲ್ವ್ ಕವರ್ ತೆಗೆದರೆ 3927186 ಎಂಬ ಎರಕದ ಸಂಖ್ಯೆ. ಹಾಲಿ (Holley) ಎಂಬ ಕಂಪನಿಯ ಕಾರ್ಬ್ಯುರೇಟರಿನ ಕತ್ತಿನ ಮೇಲೆ 4053 ಎಂಬ ಸಂಖ್ಯೆ. ಇಂಜಿನ್ ಚಾಲೂ ಮಾಡಿಸಿ ಕಿವಿಗೊಡಿ. ಇದರಲ್ಲಿ ವಾಲ್ವ್ ಎತ್ತಲು ಸಾಲಿಡ್ ಲಿಫ್ಟರು ಎಂಬ ಗಟ್ಟಿ ಲೋಹದ ತುಂಡುಗಳಿವೆ, ಹೊಲಿಗೆ ಯಂತ್ರ ಓಡುತ್ತಿರುವಂತೆ ಟಿಕಟಿಕ ಸದ್ದು ಬರಬೇಕು. ತೀರಾ ಮೆತ್ತಗೆ ಓಡುವ ಝಡ್/28ರ ಒಳಗೆ ಬೇರೆ ಕ್ಯಾಮ್, ಅಂದರೆ ವಾಲ್ವ್‌ಗಳನ್ನು ಆಡಿಸುವ ದಂಡ, ಇದೆ.

ನಾಲ್ಕನೇ ಹಂತ: ಗೇರ್ ಬಾಕ್ಸು, ಆಕ್ಸಲ್ಲು

ಗೇರ್ ಬಾಕ್ಸ್ ಮನ್ಸೀ ನಾಲ್ಕು ಗೇರಿನದೇ ಇರಬೇಕು. ಅದರ ಮೇಲೂ ತಾರೀಖಿದೆ, ವಿನ್ನಿನ ಭಾಗವಿದೆ. ಪಿ 9ಎ15 ಬಿ ಎಂದಿದ್ದರೆ ಮನ್ಸೀ ಕಾರ್ಖಾನೆಯಲ್ಲಿ 1969ರ ಜನವರಿ 15ರಂದು ತಯಾರಾದ ಎಂ21 ಬಗೆಯ ಗೇರ್ ಬಾಕ್ಸ್ ಎಂದರ್ಥ. ಕೊನೆಯ ಅಕ್ಷರ ಎ ಆದರೆ ಎಂ20, ಸಿ ಆದರೆ ಎಂ22. ಇಲ್ಲಿನ ತಿಂಗಳ ಅಕ್ಷರಗಳು ಬ್ಲಾಕಿನವುಗಳ ಹಾಗಲ್ಲ, ಮೇ ನಂತರ ಕೆಲವು ಅಕ್ಷರ ಹಾರಿಸಿದ್ದಾರೆ: ಜೂನಿಗೆ ಎಚ್, ಜುಲೈಗೆ ಕೆ, ಆಗಸ್ಟಿಗೆ ಎಂ, ಸೆಪ್ಟೆಂಬರಿಗೆ ಪಿ, ಅಕ್ಟೋಬರಿಗೆ ಆರ್, ನವೆಂಬರಿಗೆ ಎಸ್, ಡಿಸೆಂಬರಿಗೆ ಟಿ. ಹಿಂದಿನ ಆಕ್ಸಲ್ ಮುಚ್ಚಳಕ್ಕೆ ಹನ್ನೆರಡು ಬೋಲ್ಟ್ ಇರುವಂಥದ್ದು, ಹತ್ತರದ್ದಲ್ಲ. ಅದರ ಪ್ರಯಾಣಿಕನ ಕಡೆಯ ಕೊಳವೆಯ ಮುಂಭಾಗದಲ್ಲಿ ಸಂಕೇತ ಮತ್ತು ತಾರೀಖು ಒತ್ತಿರುತ್ತಾರೆ. ಆಕ್ಸಲ್ಲಿಗೆ ವಿನ್ ಇಲ್ಲ, ತಾರೀಖಿನ ಕ್ರಮವಷ್ಟೇ ಸಾಕ್ಷಿ.

ಐದನೇ ಹಂತ: ಇರಬಾರದ್ದನ್ನು ಹುಡುಕುವುದು

ಇರಬೇಕಾದ್ದನ್ನು ತಂದು ಜೋಡಿಸುವುದು ಸುಲಭ. ಇರಬಾರದ್ದನ್ನು ಅಳಿಸುವುದು ಕಷ್ಟ. 1969ರ ಝಡ್/28ಕ್ಕೆ ಹವಾನಿಯಂತ್ರಣ ಕೊಡುತ್ತಿರಲಿಲ್ಲ, ಆಟೊಮ್ಯಾಟಿಕ್ ಗೇರೂ ಇರಲಿಲ್ಲ. ಮುಂದಿನ ಚಕ್ರಗಳಿಗೆ ಪವರ್ ಡಿಸ್ಕ್ ಬ್ರೇಕು ಕಡ್ಡಾಯ. ಹಾಗಾಗಿ ಫೈರ್‌ವಾಲಿನಲ್ಲಿ ಏಸಿ ಪೆಟ್ಟಿಗೆಯ ದೊಡ್ಡ ತೂತನ್ನು ತಗಡು ಹಚ್ಚಿ ಮುಚ್ಚಿದ್ದಾರೆಯೇ ನೋಡಿ. ಒಳಗಡೆ ಕಾರ್ಪೆಟ್ ಎತ್ತಿ ಬೆರಳಾಡಿಸಿದರೆ ಬೆಸುಗೆಯ ಗಂಟು ಕೈಗೆ ಹತ್ತುತ್ತದೆ. ಕ್ಲಚ್ಚಿನ ಸರಳು ಫೈರ್‌ವಾಲನ್ನು ದಾಟುವ ತೂತಿನ ಅಂಚು ಕಾರ್ಖಾನೆಯಲ್ಲಿ ಒತ್ತಿದಂತೆ ನೇರವಾಗಿದೆಯೋ, ಡ್ರಿಲ್ಲಿನಿಂದ ಕೊರೆದಂತಿದೆಯೋ ಗಮನಿಸಿ. ಪೆಟ್ರೋಲ್ ಕೊಳವೆ ಎಂಟನೇ ಮೂರು ಇಂಚಿನದಿರಬೇಕು. ಮಾಮೂಲಿ ಸಣ್ಣ ವಿ8 ಕಾರಿನಲ್ಲಿ ಅದಕ್ಕಿಂತ ತೆಳುವಾದದ್ದು ಇರುತ್ತಿತ್ತು. ಹಿಂದಿನ ಲೀಫ್ ಸ್ಪ್ರಿಂಗಿನಲ್ಲಿ ಹಲವು ಪಟ್ಟಿ ಇರಬೇಕು, ಒಂಟಿ ಪಟ್ಟಿ ಇದ್ದರೆ ಕಾರು ಬೇರೆ.

ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಹಿಂದಿನ ಚಕ್ರದ ಕಮಾನಿನ ಸುತ್ತ ಆಡಿಸಿ. ಅಂಟದ ಕಡೆ ಪುಟ್ಟಿ ತುಂಬಿದೆ. ತುಕ್ಕು ಅಸಲಿತನಕ್ಕೆ ಕುಂದಲ್ಲ, ಬೆಲೆಗೆ ಕುಂದು.

ಆರನೇ ಹಂತ: ಕಾಗದ

ಶೆವ್ರೊಲೆ ಅಮೆರಿಕದಲ್ಲಿ ಮಾರಿದ ಆ ಕಾಲದ ಒಂದೊಂದು ಕಾರಿನ ದಾಖಲೆಯನ್ನೂ ಉಳಿಸಿಕೊಂಡಿಲ್ಲ. ವಿನ್ ಕೊಟ್ಟು ಕೇಳಿದರೆ ಕಂಪನಿಯಿಂದ ಉತ್ತರ ಬರುವುದಿಲ್ಲ. ಕೆನಡಾದಲ್ಲಿ ಹೊಸದಾಗಿ ಮಾರಾಟವಾದ ಕಾರಾದರೆ ಅದೃಷ್ಟ, ಜನರಲ್ ಮೋಟರ್ಸಿನ ಕೆನಡಾ ಶಾಖೆಯ ದಾಖಲೆಗಳು ಉಳಿದಿವೆ. ಉಳಿದವರಿಗೆ ಮೂರು ಕಾಗದಗಳೇ ಆಧಾರ. ಡೀಲರು ಕೊಟ್ಟ ಮೂಲ ಬಿಲ್ಲು ಅಥವಾ ಗಾಜಿಗೆ ಅಂಟಿಸಿದ್ದ ಬೆಲೆಪಟ್ಟಿ ಒಂದು. ವರ್ಷದ ಆರಂಭದಲ್ಲಿ ಝಡ್/28 ಆಯ್ಕೆಯ ಬೆಲೆ 458.15 ಡಾಲರ್ ಇತ್ತು. ಜೋಡಣೆ ಸಾಲಿನಲ್ಲಿ ಕಾರಿನ ಜೊತೆ ಸಾಗುತ್ತಿದ್ದ ಬಿಲ್ಡ್ ಶೀಟ್ ಇನ್ನೊಂದು. ಅದು ಪೆಟ್ರೋಲ್ ಟ್ಯಾಂಕಿನ ಮೇಲೋ ಸೀಟಿನ ಸ್ಪ್ರಿಂಗಿನಲ್ಲೋ ಸಿಕ್ಕ ಉದಾಹರಣೆಗಳಿವೆ. ಮೂರನೆಯದು ಪ್ರೊಟೆಕ್ಟ್-ಒ-ಪ್ಲೇಟ್, ವಾರಂಟಿ ಪುಸ್ತಕಕ್ಕೆ ಅಂಟಿಸಿದ ಪುಟ್ಟ ಲೋಹದ ಹಾಳೆ. ವಿನ್, ಇಂಜಿನ್ ಸಂಕೇತ, ಗೇರ್ ಬಾಕ್ಸ್, ಆಕ್ಸಲ್ ಎಲ್ಲ ಅದರಲ್ಲಿ ಒತ್ತಿರುತ್ತವೆ. ಚೀಟಿಯಲ್ಲಿ ನೀವು ಬರೆದುಕೊಂಡ ತಾರೀಖುಗಳನ್ನು ಇದರ ಜೊತೆ ಒಂದೊಂದಾಗಿ ತಾಳೆ ನೋಡಿ.

ಇವೆಲ್ಲದರ ನಕಲೂ ಆಗುತ್ತದೆ. ಕಾಗದವನ್ನು ಹಳದಿ ಮಾಡುವುದು ಕಷ್ಟವಲ್ಲ, ಆದರೆ ಮಡಿಕೆಯ ಗೆರೆಯಲ್ಲಿ ಕಾಗದ ಸವೆದು ತೂತಾಗುವುದು, ತುಕ್ಕು ಹಿಡಿದ ಪಿನ್ನಿನ ಕಲೆ ಹಿಂದಿನ ಪುಟಕ್ಕೂ ಇಳಿದಿರುವುದು, ಇವನ್ನು ಹುಟ್ಟಿಸಲು ಬಹಳ ತಾಳ್ಮೆ ಬೇಕು. ನಾನು ಇವೆಲ್ಲಕ್ಕಿಂತ ಬೆಲೆ ಕೊಡುವುದು ಹಿಂದಿನ ಮಾಲೀಕರ ಸಾಲಿಗೆ. ಎಪ್ಪತ್ತರ ದಶಕದ ಒಂದು ಫೋಟೋ, ಅದರಲ್ಲಿ ಅಂಗಳದಲ್ಲಿ ನಿಂತ ಇದೇ ಕಾರು, ಹಿಂದಿನ ಮಾಲೀಕರ ಮಗಳ ಜೊತೆ ಹತ್ತು ನಿಮಿಷದ ಫೋನ್ ಮಾತು. ಇಷ್ಟು ಸಿಕ್ಕರೆ ನನಗೆ ನಿದ್ದೆ ಬರುತ್ತದೆ.

ಬೇರೆ ಕಾರುಗಳಾದರೆ

ನಿಮ್ಮ ಮನಸ್ಸಿನಲ್ಲಿ ಇರುವುದು ಪಾಂಟಿಯಾಕ್ ಜಿಟಿಒ ಆದರೆ ನಿಮ್ಮ ದಾರಿ ಸಲೀಸು. 1964 ಮತ್ತು 65ರಲ್ಲಿ ಜಿಟಿಒ ಕೂಡ ಆಯ್ಕೆಯ ಪಟ್ಟಿಯಲ್ಲಿತ್ತು, ವಿನ್ನಿನಲ್ಲಿ ಕಾಣಿಸದು. 1966ರಿಂದ 71ರವರೆಗೆ ವಿನ್ 242 ಎಂದು ಶುರುವಾಗುತ್ತದೆ. ಕಂಪನಿಯ ಮೂಲ ಬಿಲ್ಲುಗಳು ಪಾಂಟಿಯಾಕ್ ಹಿಸ್ಟಾರಿಕ್ ಸರ್ವೀಸಸ್ ಬಳಿ ಇವೆ, ಶುಲ್ಕ ಕೊಟ್ಟರೆ ಪ್ರತಿ ಸಿಗುತ್ತದೆ. ಫೋರ್ಡ್ ಆದರೆ 1967ರಿಂದೀಚಿನ ಕಾರುಗಳಿಗೆ ಮಾರ್ಟಿ ರಿಪೋರ್ಟ್, ಅಂದರೆ ಫೋರ್ಡ್ ದಾಖಲೆಗಳಿಂದ ತೆಗೆದ ಆ ಕಾರಿನ ವಿವರ, ತರಿಸಿ. ಅದಿಲ್ಲದೆ ಮಸ್ಟಾಂಗ್ ಕೊಳ್ಳಬೇಡಿ. ಪ್ಲಿಮತ್ ಕಂಪನಿಯ ‘ಹೆಮಿ ಕೂಡಾ’ (Cuda) ಎಂಬ ಕಾರಿನ ವಿಷಯದಲ್ಲಿ ವಿನ್ ಸ್ವತಃ ಮಾತಾಡುತ್ತದೆ. 1970ರ ಹಾರ್ಡ್‌ಟಾಪ್ ಆದರೆ ಬಿಎಸ್23ಆರ್0 ಎಂದು ಶುರುವಾಗಬೇಕು, ಆರ್ ಅಂದರೆ 426 ಹೆಮಿ ಇಂಜಿನ್. ಅಂಥವು ಆ ವರ್ಷ 652, ಕನ್ವರ್ಟಿಬಲ್ 14 ಮಾತ್ರ. ವಿನ್ ಹೇಳುತ್ತದೆ ಎಂಬ ಕಾರಣಕ್ಕೇ ಅಲ್ಲಿ ವಿನ್ ಫಲಕದ ರಿವೆಟ್ಟನ್ನು ಎರಡು ಪಟ್ಟು ಎಚ್ಚರದಿಂದ ನೋಡಬೇಕು.

ಕ್ಯಾಮರೋದಲ್ಲೇ ಇನ್ನೂ ಅಪರೂಪದ್ದು ಬೇಕೆಂದರೆ 1969ರ ಝಡ್‌ಎಲ್1. ಅಲ್ಯೂಮಿನಿಯಮ್ಮಿನ 427 ಇಂಜಿನ್, ಒಟ್ಟು ತಯಾರಾದದ್ದು 69 ಕಾರು. ಅದರ ವಿನ್ ಕೂಡ ಮಾಮೂಲಿ ಕ್ಯಾಮರೋದ್ದೇ. ಅಂಥದ್ದು ನಿಮ್ಮ ಮುಂದೆ ಬಂದರೆ ಈ ಲೇಖನ ಸಾಲದು. ಆ ಮಾದರಿಯನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದ ಪರೀಕ್ಷಕರನ್ನು ಕರೆದುಕೊಂಡು ಹೋಗಿ. ಮಾಲೀಕರು ಸೂಚಿಸಿದವರನ್ನಲ್ಲ, ನೀವೇ ಹುಡುಕಿದವರನ್ನು.

ದುಡ್ಡು ಕೊಡುವಾಗ

ಟೈಟಲ್, ಅಂದರೆ ನಮ್ಮ ಆರ್‌ಸಿ ಇದ್ದ ಹಾಗೆ, ಅದರಲ್ಲಿನ ಸಂಖ್ಯೆಯನ್ನು ಕಾರಿನ ಫಲಕದ ಜೊತೆ ಅಂಕಿ ಅಂಕಿಯಾಗಿ ಹೋಲಿಸಿ. ಬಾಯಿಮಾತಿನಲ್ಲಿ ಹೇಳಿದ್ದೆಲ್ಲ ಖರೀದಿ ಪತ್ರದಲ್ಲಿ ಬರಲಿ: ಈ ಕಾರು ಕಾರ್ಖಾನೆಯಿಂದಲೇ ಝಡ್/28 ಆಗಿ ಬಂದದ್ದು, ಇಂಜಿನ್ ಮೂಲದ್ದು, ಪ್ಯಾಡನ್ನು ಮತ್ತೆ ಹೆರೆದಿಲ್ಲ, ಮತ್ತೆ ಒತ್ತಿಲ್ಲ. ಮೂಲವಲ್ಲದ ಭಾಗ ಯಾವುದಿದೆಯೋ ಅದರ ಹೆಸರೂ ಬರಲಿ. ಇಷ್ಟು ಬರೆದು ಸಹಿ ಹಾಕಲು ಹಿಂಜರಿಯುವ ಮಾಲೀಕರ ಹತ್ತಿರ ಚೌಕಾಸಿ ಮಾಡುವ ಬದಲು ಮನೆಗೆ ಹೊರಡಿ.

ನನ್ನ ಗೆಳೆಯ ಕೊನೆಗೆ ಕೊಂಡದ್ದು ನಾವು ನೋಡಿದ ಐದನೇ ಕಾರನ್ನು. ಬಿಳಿಚಿದ ನೀಲಿ ಬಣ್ಣ, ಎಕ್ಸ್77 ಫಲಕ, ಪಟ್ಟೆಗಳು ಬಿಸಿಲಿಗೆ ಮಾಸಿಹೋಗಿದ್ದವು. ಆಕ್ಸಲ್ ಮಾತ್ರ 1970ರದ್ದು, ಅದನ್ನು ಮಾರುವವರೇ ಮೊದಲು ಹೇಳಿದರು, ಪತ್ರದಲ್ಲೂ ಬರೆದರು, ಬೆಲೆಯಲ್ಲೂ ಇಳಿಸಿದರು. ಈಗ ಆರು ತಿಂಗಳಿಗೊಮ್ಮೆ ಆತ ಆಲ್ಟರ್ನೇಟರಿನ ಬೆಲ್ಟ್ ಸಡಿಲಿಸಿ ಕೈ ತೂರಿಸಿ, ಆ ಎರಡು ಬೆರಳಿನಷ್ಟು ಪ್ಯಾಡಿನ ಮೇಲೆ ತೆಳ್ಳಗೆ ಎಣ್ಣೆ ಸವರುತ್ತಾನೆ, ಗೆರೆಗಳಿಗೆ ತುಕ್ಕು ಹತ್ತದಿರಲಿ ಅಂತ.